ಇದು ಯಾರ ಉಸಿರು?

ಶುಶ್ರೂಷೆಯ ಮೂಲಪಾಠಗಳನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಮತ್ತೊಮ್ಮೆ ನೆನಪು ಮಾಡಿಕೊಡಬೇಕೆಂಬುದು ಈ ದಿನ ನನಗೆ ಒಪ್ಪಿಸಿರುವ ಕೆಲಸ. ಕೇಳುತ್ತಿರುವವರಲ್ಲಿ ಈ ವಿದ್ಯೆಯನ್ನು ಓದುತ್ತಿರುವವರಿಗಿಂತ ಓದದವರೇ ಹೆಚ್ಚು ಎಂಬುದನ್ನು ಬಲ್ಲೆ. ಆದರೆ ಓದದವರೂ ಒಂದಲ್ಲ ಒಂದು ದಿನ ಆಸ್ಪತ್ರೆಯ ಮಂಚದ ಮೇಲೆ ಮಲಗಬೇಕಾದವರು, ಇಲ್ಲವೇ ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ರಾತ್ರಿ ಕಳೆಯಬೇಕಾದವರು. ಆದುದರಿಂದ ಈ ಮಾತು ಅವರಿಗೂ ಸಂಬಂಧಪಟ್ಟದ್ದೇ ಎಂದು ಭಾವಿಸಿ ಆರಂಭಿಸುತ್ತೇನೆ.

ಮೊದಲನೆಯ ವರ್ಷದ ವಿದ್ಯಾರ್ಥಿಗಳು ಈ ವಿಷಯವನ್ನು ‘ಫಂಡಮೆಂಟಲ್ಸ್’ ಎಂದು ಕರೆಯುತ್ತಾರೆ. ಆ ಹೆಸರನ್ನು ಹೇಳುವಾಗ ಅವರ ದನಿಯಲ್ಲಿ ಅಷ್ಟೇನೂ ಗೌರವ ಇರುವುದಿಲ್ಲ. ಹಾಸಿಗೆ ಹಾಸುವುದು, ರೋಗಿಯ ಮೈ ಒರೆಸುವುದು, ಬಾಯಿ ತೊಳೆಸುವುದು, ಬೆಡ್‌ಪ್ಯಾನ್ ಕೊಡುವುದು, ಜ್ವರ ನೋಡುವುದು, ನಾಡಿ ಎಣಿಸುವುದು—ಇವೇ ಆ ಪಾಠಗಳು. ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದಲೋ ಭಾಲ್ಕಿಯ ಕಡೆಯಿಂದಲೋ ಮನೆಯವರನ್ನು ಒಪ್ಪಿಸಿ, ಸಾಲ ಮಾಡಿಸಿ, ಬೀದರಿಗೆ ಬಂದು ಬಿಳಿಯ ಸಮವಸ್ತ್ರ ತೊಟ್ಟ ಹುಡುಗಿಗೆ ಇದೆಲ್ಲ ಮನೆಯಲ್ಲಿ ಅಜ್ಜಿಗೆ ಮಾಡುತ್ತಿದ್ದ ಕೆಲಸವೇ ಅಲ್ಲವೆ ಎನ್ನಿಸುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಹುಡುಗರೂ ಬರುತ್ತಿದ್ದಾರೆ. ಅವರಿಗಂತೂ ಇದು ಇನ್ನೂ ಮುಜುಗರದ ಸಂಗತಿ. ಬೇಗ ಈ ವರ್ಷ ದಾಟಿ ಯಂತ್ರಗಳಿರುವ ತೀವ್ರನಿಗಾ ಘಟಕಕ್ಕೆ ಹೋಗಬೇಕು ಎಂಬ ಆತುರ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಆ ಆತುರದ ಫಲವೇನಾಯಿತು ಎಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮ ನಾಡಿನ ಪುರಾತನ ವೈದ್ಯಶಾಸ್ತ್ರಕ್ಕೆ ಈ ಕೆಲಸ ಹಗುರವೆಂದು ತೋರಿರಲಿಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳು ಎಂದು ಚರಕಸಂಹಿತೆ ಎಣಿಸುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಬೇಕಾದ ಗುಣಗಳೂ ನಾಲ್ಕು. ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಈ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಕ್ರಮ. ನಾವು ಸಭೆ ಸಮಾರಂಭಗಳಲ್ಲಿ ನರ್ಸ್ ಎಂದರೆ ಕರುಣೆ, ತಾಯ್ತನ, ತ್ಯಾಗ ಎಂದೆಲ್ಲ ಹಾಡಿ ಹೊಗಳುತ್ತೇವೆ. ಚರಕನ ಪಟ್ಟಿಯಲ್ಲಿ ಅನುರಾಗಕ್ಕೆ ಮೂರನೆಯ ಸ್ಥಾನ. ಮೊದಲು ನಿಲ್ಲುವುದು ಅರಿವು.

ಆಧುನಿಕ ಶುಶ್ರೂಷೆಯ ಜನನಿಯೆಂದು ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಅವರ ಮಾತೂ ಈ ದಿಕ್ಕಿನದೇ. 1820ರಲ್ಲಿ ಹುಟ್ಟಿ 1910ರವರೆಗೆ ಬದುಕಿದ ಈಕೆ 1854ರಲ್ಲಿ 38 ಮಂದಿ ದಾದಿಯರೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದದ್ದು ಪ್ರಸಿದ್ಧ ಕಥೆ. ನಮ್ಮ ಶಾಲೆಗಳಲ್ಲಿ ದೀಪ ಬೆಳಗುವ ಸಮಾರಂಭ ನಡೆಯುವುದು ಆಕೆಯ ಕೈಯಲ್ಲಿದ್ದ ದೀಪದ ನೆನಪಿಗೆ. ಆಕೆಯ ಇನ್ನೊಂದು ಕೈಯಲ್ಲಿ ಲೇಖನಿ ಇತ್ತೆಂಬುದನ್ನು ಮಾತ್ರ ಯಾವ ಚಿತ್ರಗಾರನೂ ಬರೆದಂತೆ ಕಾಣೆ. ಸೈನಿಕರಲ್ಲಿ ಎಷ್ಟು ಜನ ಗಾಯದಿಂದ ಸತ್ತರು, ಎಷ್ಟು ಜನ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಎಂಬುದನ್ನು ಎಣಿಸಿ, ನಕ್ಷೆ ಬರೆದು, ಆಳುವವರ ಮುಂದೆ ಹಿಡಿದವಳು ಆಕೆ. 1859ರಲ್ಲಿ ಹೊರಬಂದ ಆಕೆಯ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಗಾಳಿ, ಬೆಳಕು, ಸದ್ದು, ಆಹಾರಗಳ ಜೊತೆಗೆ ರೋಗಿಯನ್ನು ಗಮನಿಸುವುದಕ್ಕೇ ಮೀಸಲಾದ ಒಂದು ಅಧ್ಯಾಯವಿದೆ. ನೋಡುವುದನ್ನು ಕಲಿಯದವಳು ಎಷ್ಟೇ ಮಮತೆಯುಳ್ಳವಳಾದರೂ ಈ ಕೆಲಸಕ್ಕೆ ತಕ್ಕವಳಲ್ಲ ಎಂಬುದು ಅದರ ಒಟ್ಟು ಅಭಿಪ್ರಾಯ.

ಹಾಗಾದರೆ ನೋಡುವುದು ಎಂದರೇನು? ಈ ಪ್ರಶ್ನೆಗೆ ಉತ್ತರವಾಗಿ ಎಲ್ಲ ಮೂಲಪಾಠಗಳನ್ನೂ ಮುಟ್ಟುವ ಬದಲು ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದು ಉಸಿರು.

ಜೀವಲಕ್ಷಣಗಳು ಎಂದು ನಾವು ಕರೆಯುವವು ಮುಖ್ಯವಾಗಿ ನಾಲ್ಕು: ಮೈಶಾಖ, ನಾಡಿ, ಉಸಿರಾಟ, ರಕ್ತದೊತ್ತಡ. ಇವುಗಳಲ್ಲಿ ಮೈಶಾಖಕ್ಕೆ ಥರ್ಮಾಮೀಟರ್ ಇದೆ. ರಕ್ತದೊತ್ತಡಕ್ಕೆ ಪಟ್ಟಿ ಕಟ್ಟುವ ಉಪಕರಣವಿದೆ. ನಾಡಿಗೆ ಕನಿಷ್ಠಪಕ್ಷ ರೋಗಿಯ ಕೈ ಹಿಡಿಯಬೇಕು, ಹಿಡಿದದ್ದು ನಾಲ್ಕು ಜನರಿಗೆ ಕಾಣುತ್ತದೆ. ಉಸಿರಾಟಕ್ಕೆ ಮಾತ್ರ ಯಾವ ಸಲಕರಣೆಯೂ ಬೇಡ. ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ, ಒಂದು ನಿಮಿಷದ ಸಹನೆ, ಇಷ್ಟೇ. ಎಣಿಸಿದರೂ ಯಾರಿಗೂ ಕಾಣುವುದಿಲ್ಲ, ಎಣಿಸದಿದ್ದರೂ ಕಾಣುವುದಿಲ್ಲ. ಆದುದರಿಂದಲೇ ಜಗತ್ತಿನ ಯಾವ ಆಸ್ಪತ್ರೆಯಲ್ಲಾದರೂ ಅತ್ಯಂತ ಹೆಚ್ಚಾಗಿ ಸುಳ್ಳು ಬರೆಯಲ್ಪಡುವ ಅಂಕಿ ಇದೇ ಇರಬೇಕೆಂದು ನನ್ನ ಊಹೆ.

ಈಗ ನನ್ನ ಕಥೆ. ನಾನು ತರಬೇತಿಯಲ್ಲಿದ್ದ ಕಾಲದ್ದು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ. ಹೆಂಗಸರ ವಾರ್ಡಿನಲ್ಲಿ ನನಗೆ ರಾತ್ರಿಯ ಪಾಳಿ. ಸುಮಾರು ಮೂವತ್ತು ಹಾಸಿಗೆಗಳು. ಎರಡು ಗಂಟೆಯ ಹೊತ್ತಿಗೆ ಎಲ್ಲರ ಜ್ವರ, ನಾಡಿ ನೋಡಿ ಚಾರ್ಟು ತುಂಬಿದೆ. ಉಸಿರಾಟದ ಕಾಲಮಿನಲ್ಲಿ 20 ಎಂದು ಬರೆಯುತ್ತ ಹೋದೆ. ಒಬ್ಬರಿಗೆ 20, ಇನ್ನೊಬ್ಬರಿಗೆ 20, ಮತ್ತೊಬ್ಬರಿಗೂ 20. ಯಾರೂ ಕಲಿಸಿಕೊಡದಿದ್ದರೂ ನಮಗೆಲ್ಲ ಬರುತ್ತಿದ್ದ ವಿದ್ಯೆ ಅದು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜವೆಂದು ಪುಸ್ತಕ ಹೇಳುತ್ತದೆ. 20 ಎಂದು ಬರೆದರೆ ಯಾರೂ ಕೇಳುವುದಿಲ್ಲ.

ಕೊನೆಯ ಸಾಲಿನಲ್ಲಿ ಔರಾದ ಕಡೆಯ ಒಬ್ಬ ಮುದುಕಿ ಇದ್ದಳು. ಎರಡು ದಿನದ ಹಿಂದೆ ಜ್ವರವೆಂದು ಬಂದವಳು. ಮಲಗಿರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಕೈಯೂರಿ ಕುಳಿತಿದ್ದಳು. ನನ್ನನ್ನು ಕಂಡು, “ದಮ್ಮ ಹತ್ಯಾದ ಮಗಾ, ಮಲಗಲಾಕ ಬರಲ್ಹಂಗ ಆಗ್ಯಾದ,” ಎಂದಳು. ನಾನು, “ನಿದ್ದಿ ಬರ್ತದ ಆಯಿ, ಸುಮ್ನ ಕಣ್ಣು ಮುಚ್ಚು,” ಎಂದು ಹೊದಿಕೆ ಸರಿಪಡಿಸಿದೆ. ಗಮನಿಸಿ, ನಾನು ಒರಟಾಗಿ ಮಾತನಾಡಲಿಲ್ಲ. ಹೊದಿಕೆಯನ್ನು ನಿಜವಾಗಿಯೂ ಅಕ್ಕರೆಯಿಂದಲೇ ಹೊದಿಸಿದೆ. ಚರಕನ ಮೂರನೆಯ ಗುಣ ನನ್ನಲ್ಲಿ ಇತ್ತು. ಹಾಗೆಂದು ಚಾರ್ಟಿನಲ್ಲಿ 20 ಎಂದು ಬರೆದೆ.

ಬೆಳಿಗ್ಗೆ ಆರು ಗಂಟೆಗೆ ವಾರ್ಡಿನ ಹಿರಿಯ ಸಿಸ್ಟರ್ ಬಂದರು. ಬಾಗಿಲಲ್ಲೇ ನಿಂತು ಒಮ್ಮೆ ಎಲ್ಲ ಹಾಸಿಗೆಗಳ ಮೇಲೆ ಕಣ್ಣಾಡಿಸುವುದು ಅವರ ಪದ್ಧತಿ. ನೇರವಾಗಿ ಆ ಮುದುಕಿಯ ಹತ್ತಿರ ಹೋದರು. ಮಣಿಕಟ್ಟನ್ನು ಹಿಡಿದು ಒಂದು ನಿಮಿಷ ನಿಂತರು. ಆಮೇಲೆ ಆಮ್ಲಜನಕದ ಸಿಲಿಂಡರ್ ತರಿಸಿ, ವೈದ್ಯರಿಗೆ ಹೇಳಿಕಳಿಸಿ, ಆಕೆಯ ಬೆನ್ನಿಗೆ ದಿಂಬುಗಳನ್ನು ಏರಿಸಿ ಕೂರಿಸಿದರು. ಆ ಗಡಿಬಿಡಿ ಎಲ್ಲ ಮುಗಿದ ಮೇಲೆ ಚಾರ್ಟನ್ನು ನನ್ನ ಮುಂದೆ ಹಿಡಿದರು. ಅವರು ಎಣಿಸಿದ್ದು 36. ನಾನು ಬರೆದ 20ರ ಮೇಲೆ ಬೆರಳಿಟ್ಟು, “ಇದು ಯಾರ ಉಸಿರು?” ಎಂದು ಕೇಳಿದರು. ಬೈಯಲಿಲ್ಲ. ಉತ್ತರಕ್ಕೆ ಕಾಯಲೂ ಇಲ್ಲ.

ಆಕೆ ಮೂರನೆಯ ದಿನ ತೀರಿಕೊಂಡಳು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹಬ್ಬಿತ್ತು. ರಾತ್ರಿ ಎರಡು ಗಂಟೆಗೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ? ವಯಸ್ಸಾಗಿತ್ತು, ಮೈಯಲ್ಲಿ ಕಸುವಿರಲಿಲ್ಲ, ತಡವಾಗಿ ಬಂದಿದ್ದಳು, ಉಳಿಯದೆಯೂ ಇರಬಹುದಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವಳ ಮಗ ಹೋಗುವಾಗ ನನಗೆ ಕೈಮುಗಿದು ಹೋದ. ಆ ನಾಲ್ಕು ಗಂಟೆಗಳು ಮಾತ್ರ ಇಂದಿಗೂ ಎಲ್ಲಿಯೂ ಜಮಾ ಆಗದೆ ಉಳಿದುಕೊಂಡಿವೆ.

ಆ ಮೇಲೆ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ದೇಹಕ್ಕೆ ಒಳಗೆ ಎಲ್ಲಿಯೋ ಹಾನಿಯಾಗಲು ತೊಡಗಿದಾಗ, ಅದು ಶ್ವಾಸಕೋಶದಲ್ಲಿರಲಿ, ರಕ್ತಕ್ಕೆ ನಂಜು ಏರಿರಲಿ, ಹೃದಯ ಸೋಲುತ್ತಿರಲಿ, ಮೊದಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರಾಟದ ವೇಗ ಒಂದು. ರಕ್ತದೊತ್ತಡ ಕುಸಿಯುವುದಕ್ಕೆ ಎಷ್ಟೋ ಗಂಟೆಗಳ ಮುಂಚೆಯೇ ಉಸಿರು ಹೆಚ್ಚಿರುತ್ತದೆ. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ಮುನ್ನೆಚ್ಚರಿಕೆಯ ಅಂಕಪದ್ಧತಿಯೊಂದನ್ನು ರೂಪಿಸಿತು. ಅದರಲ್ಲಿ ಉಸಿರಾಟ ನಿಮಿಷಕ್ಕೆ 21ರಿಂದ 24 ಇದ್ದರೆ ಎರಡು ಅಂಕ. 25 ಮುಟ್ಟಿದರೆ ಮೂರು, ಅಂದರೆ ಒಂದು ಲಕ್ಷಣಕ್ಕೆ ಕೊಡಬಹುದಾದ ಗರಿಷ್ಠ. 20 ಎಂಬುದು ಆ ಪಟ್ಟಿಯಲ್ಲಿ ಸಹಜತೆಯ ಕೊನೆಯ ಮೆಟ್ಟಿಲು. ನಾವು ಕಣ್ಣುಮುಚ್ಚಿ ಬರೆಯುತ್ತಿದ್ದ ಅಂಕಿ ಸರಿಯಾಗಿ ಅಂಚಿನ ಮೇಲೆ ನಿಂತಿತ್ತು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕೆಮ್ಮು ಅಥವಾ ಉಸಿರಾಟದ ತೊಂದರೆಯಿರುವ ಮಗುವಿನ ಉಸಿರು ಎರಡು ತಿಂಗಳೊಳಗಿನ ಕೂಸಾದರೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಅದನ್ನು ವೇಗದ ಉಸಿರಾಟವೆಂದೇ ಎಣಿಸಿ ನ್ಯುಮೋನಿಯಾವನ್ನು ಶಂಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಕ್ಸ್‌ರೇ ಇಲ್ಲದ, ವೈದ್ಯರಿಲ್ಲದ ಹಳ್ಳಿಯಲ್ಲಿಯೂ ಆರೋಗ್ಯ ಕಾರ್ಯಕರ್ತೆಯೊಬ್ಬಳು ಗಡಿಯಾರ ಹಿಡಿದು ಒಂದು ಮಗುವನ್ನು ಉಳಿಸಬಲ್ಲಳು. ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಲಾಕಿಯೂ ಬೇಡ. ಕೂಸುಗಳ ಉಸಿರು ಒಂದೇ ಲಯದಲ್ಲಿ ನಡೆಯುವುದಿಲ್ಲ, ನಡುವೆ ನಿಂತು ಮತ್ತೆ ಓಡುತ್ತದೆ. ದೊಡ್ಡವರಿಗಾದರೆ ಎಣಿಸುತ್ತಿರುವುದು ತಿಳಿಯಬಾರದು. ಉಸಿರು ನಮ್ಮ ಇಚ್ಛೆಗೂ ಒಳಪಟ್ಟದ್ದು. ಯಾರೋ ನೋಡುತ್ತಿದ್ದಾರೆಂದು ತಿಳಿದ ಕೂಡಲೇ ಬದಲಾಗುತ್ತದೆ. ಆದುದರಿಂದ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯದೆ, ಎದೆಯ ಏರಿಳಿತವನ್ನು ಓರೆಗಣ್ಣಿನಿಂದ ನೋಡುತ್ತ ಎಣಿಸಬೇಕು. ಹಿರಿಯ ಸಿಸ್ಟರ್ ಅಂದು ಮಾಡಿದ್ದು ಇದನ್ನೇ.

2020 ಮತ್ತು 2021ರ ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಅಳತೆಗೋಲು ಮನೆಮನೆಗೆ ಬಂತು. ಒಳ್ಳೆಯ ಉಪಕರಣ. ಆದರೆ ಅದರಿಂದಾದ ಒಂದು ನಷ್ಟವನ್ನು ನಾನು ಕಂಡಿದ್ದೇನೆ. ಯಂತ್ರದ ಮೇಲೆ 96 ಎಂದು ಕಂಡ ಕೂಡಲೇ ವಿದ್ಯಾರ್ಥಿ ರೋಗಿಯ ಮುಖದಿಂದ ಕಣ್ಣು ತೆಗೆಯುತ್ತಾನೆ. ರಕ್ತದಲ್ಲಿ ಆಮ್ಲಜನಕ ಇಳಿಯದಂತೆ ಕಾಪಾಡುವುದಕ್ಕಾಗಿಯೇ ದೇಹ ಉಸಿರಿನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಅಂಕಿ ಇನ್ನೂ ಚೆನ್ನಾಗಿರುವುದು ರೋಗಿ ಚೆನ್ನಾಗಿರುವುದರಿಂದಲ್ಲ, ಆತ ದುಡಿಯುತ್ತಿರುವುದರಿಂದ. ಆ ದುಡಿಮೆ ಕಾಣುವುದು ಕುತ್ತಿಗೆಯ ಸ್ನಾಯುಗಳಲ್ಲಿ, ಅರಳುವ ಮೂಗಿನ ಹೊಳ್ಳೆಗಳಲ್ಲಿ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದ ಮಾತಿನಲ್ಲಿ.

ಮಾತಿನ ವಿಷಯ ಬಂದಿತು. ಆ ಮುದುಕಿ ತನಗೇನಾಗಿದೆ ಎಂಬುದನ್ನು ನನಗೆ ಹೇಳಿಯೇ ಇದ್ದಳು ಎಂಬುದನ್ನು ತಾವು ಗಮನಿಸಿರಬಹುದು. ದಮ್ಮು ಹತ್ತಿದೆ, ಮಲಗಲು ಆಗುತ್ತಿಲ್ಲ. ವೈದ್ಯಕೀಯ ಪುಸ್ತಕದ ಒಂದು ಪುಟವನ್ನೇ ಆಕೆ ನಾಲ್ಕೈದು ಮಾತುಗಳಲ್ಲಿ ಒಪ್ಪಿಸಿದ್ದಳು. ಮಲಗಿದರೆ ಹೆಚ್ಚಾಗುವ, ಕುಳಿತರೆ ಕಡಿಮೆಯಾಗುವ ಉಬ್ಬಸಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಹೆಸರೇ ಇದೆ. ಆ ಹೆಸರು ನನಗೆ ಬಾಯಿಪಾಠವಾಗಿತ್ತು. ಅದೇ ಸಂಗತಿ ಔರಾದ ಮಾತಿನಲ್ಲಿ ಬಂದಾಗ ಗುರುತು ಹತ್ತಲಿಲ್ಲ.

ನಮ್ಮ ಬೀದರ ಜಿಲ್ಲೆ ಭಾಷೆಗಳ ಸಂತೆ. 1948ರವರೆಗೆ ನಿಜಾಮರ ಆಳ್ವಿಕೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ ನಾಡು ಇದು. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಒಂದೇ ವಾರ್ಡಿನಲ್ಲಿ ಕನ್ನಡದ ಆಯಿ, ಮರಾಠಿಯ ಕಾಕಾ, ದಖನಿ ಉರ್ದುವಿನ ಅಮ್ಮಾ, ತೆಲುಗಿನ ಕೂಲಿಕಾರ ಇರುತ್ತಾರೆ. ಅಚ್ಚರಿಯೆಂದರೆ ಈ ನಾಲ್ವರೂ ಉಸಿರಿಗೆ ಬಳಸುವ ಮಾತು ಹೆಚ್ಚುಕಡಿಮೆ ಒಂದೇ. ಕನ್ನಡದವರು ದಮ್ಮು ಹತ್ತಿದೆ ಎನ್ನುತ್ತಾರೆ, ಮರಾಠಿಯವರು ದಮ್ ಲಾಗತೋ ಎನ್ನುತ್ತಾರೆ, ಉರ್ದುವಿನವರು ದಮ್ ಏರುತ್ತಿದೆ ಎನ್ನುತ್ತಾರೆ, ತೆಲಂಗಾಣದ ತೆಲುಗಿನಲ್ಲೂ ದಮ್ಮು ಎಂದರೆ ಅದೇ ಸಂಕಟ. ಪಾರಸಿಯಲ್ಲಿ ದಮ್ ಎಂದರೆ ಉಸಿರು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡಾಗ ಬಂದ ಪಾರಸಿಯವರ ಕೋಟೆ, ಮದರಸಾಗಳು ಶಿಥಿಲವಾಗಿವೆ. ಅವರ ಭಾಷೆಯ ಈ ಒಂದು ಪದ ಔರಾದ ಹಳ್ಳಿಯ ಮುದುಕಿಯ ಎದೆಯಲ್ಲಿ ಇನ್ನೂ ಗಟ್ಟಿಯಾಗಿದೆ.

ಎಲ್ಲ ಪದಗಳೂ ಇಷ್ಟು ಸುಲಭವಾಗಿ ಒದಗಿ ಬರುವುದಿಲ್ಲ. ‘ಗಾಬರಿ’ ಎಂಬ ಮಾತನ್ನು ತೆಗೆದುಕೊಳ್ಳಿ. ಪುಸ್ತಕದ ಕನ್ನಡದಲ್ಲಿ ಅದು ಹೆದರಿಕೆ, ತಳಮಳ. ಜೀವ ಗಾಬರಿಯಾಗುತ್ತಿದೆ ಎಂದು ನಮ್ಮ ಕಡೆಯ ರೋಗಿ ಹೇಳಿದರೆ ಅದು ಎದೆ ಹೊಡೆದುಕೊಳ್ಳುವುದಾಗಿರಬಹುದು, ಉಸಿರು ಕಟ್ಟುವುದಾಗಿರಬಹುದು, ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಇಳಿದಾಗಿನ ಬೆವರು ನಡುಕವೂ ಆಗಿರಬಹುದು. ಒಬ್ಬ ವಿದ್ಯಾರ್ಥಿನಿ ಅದನ್ನು ಇಂಗ್ಲಿಷಿಗೆ ತಿರುಗಿಸಿ, ರೋಗಿ ಆತಂಕಗೊಂಡಿದ್ದಾನೆ ಎಂದು ಬರೆದುಬಿಟ್ಟಿದ್ದಳು. ವೈದ್ಯರು ಅದನ್ನು ಓದಿದರೆ ಸಮಾಧಾನ ಹೇಳಿ ಹೋದಾರೇ ಹೊರತು ಹೃದಯದ ಪರೀಕ್ಷೆಗೆ ಹೇಳಲಾರರು. ಅನುವಾದದಲ್ಲಿ ಕಾವ್ಯ ಕಳೆದುಹೋಗುತ್ತದೆ ಎಂದು ಸಾಹಿತಿಗಳು ಚಿಂತಿಸುತ್ತಾರೆ. ನಮ್ಮ ವೃತ್ತಿಯಲ್ಲಿ ಅನುವಾದದಲ್ಲಿ ರೋಗವೇ ಕಳೆದುಹೋಗುತ್ತದೆ.

ಶುಶ್ರೂಷಾ ಕ್ರಮದ ಮೊದಲ ಹೆಜ್ಜೆ ಪರಿಶೀಲನೆ. ಆಮೇಲೆ ತೊಂದರೆಯ ನಿರ್ಣಯ, ಯೋಜನೆ, ಕಾರ್ಯ, ಮಾಡಿದ್ದರ ಪುನರ್ವಿಮರ್ಶೆ. ಪರಿಶೀಲನೆಯಲ್ಲಿ ಎರಡು ಬಗೆಯ ಮಾಹಿತಿ ಎಂದು ಪಾಠ ಹೇಳುತ್ತದೆ: ರೋಗಿ ತಾನೇ ಹೇಳಿದ್ದು, ನಾವು ಕಂಡು ಅಳೆದದ್ದು. ಮೊದಲನೆಯದನ್ನು ರೋಗಿಯ ಮಾತಿನಲ್ಲಿಯೇ ಬರೆಯಬೇಕೆಂಬುದು ನಿಯಮ. ಈ ನಿಯಮವನ್ನು ಮಾಡಿದವರು ಬೀದರನ್ನು ಕಂಡವರಲ್ಲ, ಆದರೂ ಬೀದರಿಗೇ ಮಾಡಿಟ್ಟಂತಿದೆ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ವಿಷಯದಲ್ಲಿ ಈ ಭಾಗದವರೆಲ್ಲ ಹೇಳುವ ಒಂದು ಮಾತಿದೆ. ಉರ್ದುವೇ ಶಿಕ್ಷಣದ ಭಾಷೆಯಾಗಿದ್ದ ನಿಜಾಮರ ಕಾಲದಲ್ಲಿ ಅವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ವಿದ್ಯಾರ್ಥಿಗಳ ಸ್ಥಿತಿ ಇಂದು ಬೇರೊಂದು ಬಗೆಯಲ್ಲಿ ಅದೇ. ಪಠ್ಯಪುಸ್ತಕ, ಪರೀಕ್ಷೆ, ಚಾರ್ಟು ಎಲ್ಲವೂ ಇಂಗ್ಲಿಷು. ಒಳಗೆ ಮಂಚದ ಮೇಲೆ ಮಲಗಿರುವುದು ಕನ್ನಡ, ಮರಾಠಿ, ದಖನಿ. ಫಲಕ ಹೊರಗಿರಲಿ. ಒಳಗಿನ ಪಾಠವನ್ನು ಬಿಡುವಂತಿಲ್ಲ.

ಇನ್ನು ಕೆಲವು ಪಾಠಗಳನ್ನು ಬೇಗಬೇಗ ಮುಟ್ಟುತ್ತೇನೆ. ರೋಗಿ ಕುಡಿದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂಬ ಲೆಕ್ಕವಿದೆ. ಮಿಲಿಲೀಟರುಗಳಲ್ಲಿ ಬರೆಯಬೇಕು. ಸಂಬಂಧಿಕರನ್ನು ಕೇಳಿದರೆ ಒಂದು ತಂಬಿಗೆ ನೀರು, ಅರ್ಧ ಬಟ್ಟಲು ಚಹಾ, ಎರಡು ಚಮಚೆ ಗಂಜಿ ಎನ್ನುತ್ತಾರೆ. ವಿದ್ಯಾರ್ಥಿ ಅಂದಾಜಿಗೆ ಒಂದು ಸಂಖ್ಯೆ ಬರೆಯುತ್ತಾನೆ. ಅದೂ 20ರ ತಮ್ಮನೇ. ಮಾಡಬೇಕಾದದ್ದು ಇಷ್ಟೇ: ಮೊದಲ ದಿನವೇ ಅವರ ತಂಬಿಗೆ, ಲೋಟ, ಬಟ್ಟಲುಗಳಿಗೆ ಅಳತೆಯ ಜಗ್ಗಿನಿಂದ ನೀರು ಸುರಿದು ನೋಡಿ, ಯಾವುದು ಎಷ್ಟು ಹಿಡಿಯುತ್ತದೆಂದು ಚಾರ್ಟಿನ ಮೂಲೆಯಲ್ಲಿ ಬರೆದಿಡುವುದು.

ಇದೇ ಅಳತೆ ವಾಂತಿಭೇದಿಯ ದಿನಗಳಲ್ಲಿ ಜೀವದ ಪ್ರಶ್ನೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆ ಬೆರೆಸಿದ ನೀರನ್ನೇ ಬಾಯಿಯ ಮೂಲಕ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಕುಡಿಸಿದವರು ಬಹುಮಟ್ಟಿಗೆ ರೋಗಿಗಳ ಮನೆಯವರೇ. ಇಷ್ಟಾದರೂ ನಮ್ಮ ಹಳ್ಳಿಗಳಲ್ಲಿ “ಸಲಾಯಿನ್ ಹಚ್ಚರಿ” ಎಂಬ ಬೇಡಿಕೆ ನಿಂತಿಲ್ಲ. ಕುಡಿಯುವ ಪುಡಿಯನ್ನು ಬಡವರ ಔಷಧವೆಂದು ಬಡವರೇ ಕಡೆಗಣಿಸುತ್ತಾರೆ. ದೊಡ್ಡ ಪೊಟ್ಟಣವೊಂದಕ್ಕೆ ಒಂದು ಲೀಟರ್ ಕುಡಿಯಲು ಯೋಗ್ಯವಾದ ನೀರು. ಅದನ್ನು ಒಂದು ಲೋಟದಲ್ಲಿಯೇ ಕಲಸಿ ಕುಡಿಸುವ ತಾಯಂದಿರನ್ನು ಕಂಡಿದ್ದೇನೆ; ಅಷ್ಟು ಗಟ್ಟಿಯಾದ ಉಪ್ಪು ಮಗುವಿಗೆ ಅಪಾಯ. ಪೊಟ್ಟಣ ಕೊಟ್ಟು ಕಳಿಸಿದರೆ ನರ್ಸಿನ ಕೆಲಸ ಮುಗಿಯಿತೆಂದಲ್ಲ. ಮನೆಯಲ್ಲಿ ಒಂದು ಲೀಟರ್ ಹಿಡಿಯುವ ಪಾತ್ರೆ ಯಾವುದೆಂದು ಕೇಳಿ, ತೋರಿಸಿ, ಅವಳ ಬಾಯಲ್ಲೇ ತಿರುಗಿ ಹೇಳಿಸಿ ಕಳಿಸಬೇಕು.

ಕೈ ತೊಳೆಯುವುದನ್ನು ಕುರಿತು ಏನು ಹೇಳಲಿ! 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಕಟ್ಟುಮಾಡಿದ. ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಸಾವು ಜೂನಿನ ಹೊತ್ತಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಆದರೂ ಅವನ ಕಾಲದ ದೊಡ್ಡ ವೈದ್ಯರು ಅವನನ್ನು ನಂಬಲಿಲ್ಲ. ಸಾಬೂನಿನಿಂದಾದರೆ 40ರಿಂದ 60 ಸೆಕೆಂಡು ಎಂದು ಇಂದಿನ ನಿಯಮ. ಬೇಸಿಗೆಯಲ್ಲಿ ನೀರಿಗೆ ತತ್ವಾರವಿರುವ ಔರಾದ ಕಡೆಯ ಮಕ್ಕಳಿಗೆ ನಲ್ಲಿಯನ್ನು ಅಷ್ಟು ಹೊತ್ತು ಬಿಟ್ಟು ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ. ಕೈ ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸಿ, ಸಾಬೂನು ಹಚ್ಚಿ ಉಜ್ಜುವುದು ಪೂರ್ತಿಯಾದ ಮೇಲೆ ಮತ್ತೆ ತಿರುಗಿಸಿದರಾಯಿತು. ಉಳಿಸಬೇಕಾದದ್ದು ನೀರನ್ನು, ಸಮಯವನ್ನಲ್ಲ.

ಏಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಔಷಧ ಕೊಡುವ ಮುನ್ನ ರೋಗಿ ಯಾರು, ಮದ್ದು ಯಾವುದು, ಪ್ರಮಾಣವೆಷ್ಟು, ಯಾವ ದಾರಿಯಿಂದ, ಯಾವ ಹೊತ್ತಿಗೆ ಎಂದು ನೋಡಿಕೊಳ್ಳುವುದು—ಇವು ಪುಸ್ತಕದಲ್ಲಿ ಚೆನ್ನಾಗಿಯೇ ಇವೆ, ಓದಿಕೊಳ್ಳಿ. ಹಾಸಿಗೆಹುಣ್ಣು ಸಾಮಾನ್ಯವಾಗಿ ರೋಗದ ದೋಷವಲ್ಲ, ಶುಶ್ರೂಷೆಯ ದೋಷ ಎಂಬ ಅಭಿಪ್ರಾಯ ನೈಟಿಂಗೇಲ್ ಅವರದು. ಕಟುವಾದ ಮಾತು. ಇಡೀ ವಾರ್ಡಿಗೆ ಒಬ್ಬಳೇ ಇರುವ ರಾತ್ರಿಗಳನ್ನು ನೆನೆದರೆ ಅನ್ಯಾಯದ ಮಾತೆಂದೂ ಅನ್ನಿಸುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಮೂವತ್ತು ರೋಗಿಗಳಿಗೆ ತಲಾ ಒಂದು ನಿಮಿಷವೆಂದರೆ ಬರಿಯ ಉಸಿರೆಣಿಸುವುದಕ್ಕೇ ಅರ್ಧ ಗಂಟೆ. ಅದನ್ನು ಎಲ್ಲಿಂದ ತರಲಿ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ ನಿಂತು ಈ ಪ್ರಶ್ನೆಗೆ ಕಾಯಕವೆಂಬ ಒಂದೇ ಪದದಿಂದ ಉತ್ತರ ಹೇಳಿಬಿಡುವುದು ಸುಲಭ. ಆದರೆ ಸಂಬಳ ಹೆಚ್ಚಿಸಿ, ಇನ್ನಿಬ್ಬರನ್ನು ನೇಮಿಸಿ ಎಂದು ಕೇಳಿದಾಗ ಬಾಯಿ ಮುಚ್ಚಿಸುವುದಕ್ಕೂ ಅದೇ ಪದವನ್ನು ಬಳಸುವುದನ್ನು ಕೇಳಿದ್ದೇನಾದ್ದರಿಂದ, ಶರಣರ ಕ್ಷಮೆ ಬೇಡಿ, ಆ ಪದವನ್ನು ಇಲ್ಲಿ ತರುವುದಿಲ್ಲ. ಹೆಚ್ಚು ಜನ ಬೇಕು, ಅದನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನನ್ನ ಸಲಹೆ ಇಷ್ಟು: ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, ಕುಳಿತಿರುವವರು, ಮಾತು ತುಂಡಾಗುತ್ತಿರುವವರು, ನಿನ್ನೆಗಿಂತ ಬೇರೆಯಾಗಿ ಕಾಣುವವರು ಯಾರೆಂದು ಗುರುತಿಸಿ ಅವರಿಂದ ಆರಂಭಿಸಿ. ಎಣಿಸಲು ಆಗದೇ ಹೋದವರ ಕಾಲಮನ್ನು ಖಾಲಿ ಬಿಡಿ. ಖಾಲಿ ಜಾಗವನ್ನು ಕಂಡು ನಿಮ್ಮ ಮೇಲಿನವರು ಸಿಟ್ಟಾಗಬಹುದು. ಆದರೆ ಮುಂದಿನ ಪಾಳಿಯವಳು ಅಲ್ಲಿಗೆ ಹೋಗಿ ಎಣಿಸುತ್ತಾಳೆ. 20 ಎಂದು ಬರೆದಿದ್ದರೆ ಹೋಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬೀದರಿನ ಒಂದು ವಾರ್ಡಿನಲ್ಲಿ ವಿದ್ಯಾರ್ಥಿಗಳ ಜೊತೆಗಿದ್ದೆ. ಭಾಲ್ಕಿ ತಾಲ್ಲೂಕಿನಿಂದ ಬಂದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಹುಡುಗಿಯೊಬ್ಬಳು ಚಾರ್ಟು ತಂದು ತೋರಿಸಿದಳು. ಉಸಿರಾಟದ ಕಾಲಮಿನಲ್ಲಿ 28 ಎಂದಿತ್ತು. ಟಿಪ್ಪಣಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ನಡುವೆ ಕನ್ನಡದಲ್ಲಿ ‘ದಮ್ಮ ಹತ್ಯಾದ’ ಎಂದು ಬರೆದಿದ್ದಳು. “ಅಕ್ಕಾವ್ರ, ಇದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ ನೆನಪಾಗಲಿಲ್ಲ, ಹೊಡೆದು ಹಾಕ್ಲೇನ್ರಿ?” ಎಂದು ಕೇಳಿದಳು. ಇಂಗ್ಲಿಷ್ ಪದವನ್ನು ಹೇಳಿಕೊಟ್ಟೆ. ಕನ್ನಡವನ್ನು ಹಾಗೆಯೇ ಇರಿಸಿ ಅದರ ಪಕ್ಕದಲ್ಲಿ ಬರೆಯಲು ಹೇಳಿ, ವೈದ್ಯರನ್ನು ಕರೆಯಲು ಕಳಿಸಿದೆ.